ಉಪ್ಪಲ್ಲ, ರಂಗೋಲಿ

ಎಡಗಾಲಿಗೆ ಕಾಲುಚೀಲ ಹಾಕಿ ಆಗಿತ್ತು. ಬಲಗಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿಯಿಂದ ಮೇಲಕ್ಕೆ ಏರಿಸುವಾಗ ನಮ್ಮ ಯಜಮಾನರು ಗೋಡೆ ಕಡೆ ಮುಖ ತಿರುಗಿಸಿದರು. ನೋಯುತ್ತದೆ ಅಂತ ಬಾಯಿಬಿಟ್ಟು ಹೇಳುವವರಲ್ಲ. ಅಮೆರಿಕದ ಈ ಜರ್ಸಿ ಸಿಟಿಯ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಕೆಲಸ ಮಾಡುತ್ತಿದ್ದವರು, ಬಚ್ಚಲಿಗೂ ಗೋಡೆ ಹಿಡಿದು ಹೋಗುವ ಹಾಗಾಗಿದ್ದರು.

ಬಿದ್ದದ್ದು ಪಂಕಜಾಳ ಅಂಗಡಿ ಬಾಗಿಲಲ್ಲಿ, ಎಪ್ಪತ್ತಾರರ ಜನವರಿಯ ಒಂದು ಶುಕ್ರವಾರ. ನಮಗೆ ಬೇಳೆ, ಹುಣಸೆಹಣ್ಣು ಸಿಗುತ್ತಿದ್ದದ್ದು ಅವಳೊಬ್ಬಳ ಹತ್ತಿರ. ಮೈಸೂರಿನ ಹುಡುಗಿ, ನನ್ನನ್ನು ಅಕ್ಕ ಅಂತಲೇ ಕರೆಯುತ್ತಿದ್ದಳು. ಶುಕ್ರವಾರ ಹೊಸ್ತಿಲು ತೊಳೆಯದೆ ವ್ಯಾಪಾರ ಶುರುಮಾಡಿದವಳಲ್ಲ. ಊರಿನಲ್ಲಾದರೆ ಬಿಸಿಲು ಒಣಗಿಸುತ್ತದೆ. ಇಲ್ಲಿ ಚಳಿ ಆ ನೀರನ್ನು ಗಾಜು ಮಾಡಿಬಿಟ್ಟಿತು. ಮೇಲೆ ಅವಳೆಳೆದ ರಂಗೋಲಿಯ ಪುಡಿ ಬೆಳ್ಳಗೆ ಹರಡಿತ್ತು. ಇವರ ಹಿಂದೆಯೇ ಇದ್ದ ನಾನು ಎಲ್ಲ ನೋಡಿದೆ.

"ಅವಳು ಕರೆದದ್ದು ಲಕ್ಷ್ಮೀನ. ಅವಸರಪಟ್ಟು ನಾನು ನುಗ್ಗಿದೆ," ಅಂತ ಆಸ್ಪತ್ರೆಯಲ್ಲಿ ನಗಿಸಿದರು. ಆಗ ಇನ್ನೂ ನಗು ಇತ್ತು.

ಬಾಗಿಲಲ್ಲಿ ಉಪ್ಪು ಹಾಕಿತ್ತು ಅಂತ ಆಂಬುಲೆನ್ಸಿನವರು ಬರೆದುಕೊಂಡರು. ಐಸ್ ಕರಗಲಿ ಅಂತ ಉಪ್ಪು ಚೆಲ್ಲುವ ದೇಶ, ಬಿಳಿ ಪುಡಿ ಕಂಡರೆ ಇನ್ನೇನು ಅಂದುಕೊಂಡಾರು. ಪರಿಹಾರ ಸಿಗುತ್ತದೆಯೇ ಅಂತ ನಾವು ಕೇಳಲು ಹೋದ ವಕೀಲರು ಅದನ್ನೇ ಹಿಡಿದರು. ಆಕಾಶದಿಂದ ಬಿದ್ದ ಹಿಮ, ಮೇಲೆ ಉಪ್ಪೂ ಹಾಕಿದ್ದಾರೆ, ಅಂಗಡಿಯವರದ್ದೇನು ತಪ್ಪು? ಅವರೇ ನೀರು ಸುರಿದು ಐಸ್ ಮಾಡಿದ್ದರೆ ಬೇರೆ ಮಾತು, ಹಾಗೇನಾದರೂ ಗೊತ್ತಿದ್ದರೆ ಎರಡು ವರ್ಷದೊಳಗೆ ಬರೆದು ಕಳಿಸಿ, ಅಂದರು.

ಅದಾದ ಮೇಲೆ ಪಂಕಜಾ ಡಬ್ಬಿಯಲ್ಲಿ ಸಾರು ತಂದು ಅಡುಗೆಮನೆಯಲ್ಲೇ ನಿಂತಳು. ಅಂಗಡಿಗೆ ಇನ್ಶೂರೆನ್ಸ್ ಮಾಡಿಸಿರಲಿಲ್ಲವಂತೆ. ಕೇಸ್ ಆದರೆ ಅಂಗಡಿಯೂ ಹೋಗುತ್ತೆ, ಮೇಲಿನ ಮನೆಯೂ ಹೋಗುತ್ತೆ ಅಂದಳು.

"ಉಪ್ಪು ಅಂದುಕೊಂಡಿದಾರಲ್ಲ, ಉಪ್ಪು ಅಂತಲೇ ಇರಲಿ ಬಿಡಿ ಅಕ್ಕಾ."

ಇರಲಿ ಅಂದೆ. ಆದರೂ ರಾತ್ರಿಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಕಂಡದ್ದನ್ನೆಲ್ಲ ವಕೀಲರಿಗೆ ಕಾಗದದಲ್ಲಿ ಬರೆದಿಟ್ಟೆ. ರಂಗೋಲಿಗೆ ಅವರ ಮಾತಿನಲ್ಲಿ ಏನನ್ನುತ್ತಾರೋ ತಿಳಿಯದೆ, ಕಲ್ಲಿನ ಪುಡಿ, ಉಪ್ಪಲ್ಲ, ಅಂತ ಬರೆದೆ. ಕಳಿಸಲು ಕೈ ಬರಲಿಲ್ಲ. ಎರಡನೇ ಚಳಿಗಾಲವೂ ಬಂತು, ವಕೀಲರು ಹೇಳಿದ ಎರಡು ವರ್ಷ ಮುಗಿಯುತ್ತಾ ಬಂತು.

ಹೋದ ವಾರ ಡಾಕ್ಟರು, ಮೂಳೆ ಸೊಟ್ಟಗೆ ಕೂಡಿಕೊಂಡಿದೆ, ಮತ್ತೆ ಮುರಿದು ಕೂರಿಸಬೇಕು, ಇಲ್ಲದಿದ್ದರೆ ಇಷ್ಟೇ ಅಂದರು. ಕೆಲಸ ಹೋದವರಿಗೆ ಆಪರೇಷನ್ ಎಲ್ಲಿಂದ? ಪಂಕಜಾಳ ಬೆನ್ನ ಹಿಂದೆ ಮಾಡಬಾರದೆಂದು ಅಂಗಡಿಗೇ ಹೋಗಿ, ಕಾಗದ ಕಳಿಸುತ್ತೇನೆ ಅಂತ ಹೇಳಿದೆ. ನನಗೆಂದು ಬೇಳೆ ತೂಗುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದಳು.

"ಶುಕ್ರವಾರ ಹೊಸ್ತಿಲು ತೊಳೆದದ್ದು ತಪ್ಪು ಅಂತ ನೀವು ಬರೀತೀರಾ?"

"ತಪ್ಪು ಅಂತ ಬರೆದಿಲ್ಲಮ್ಮ. ತೊಳೆದಿದ್ದಳು ಅಂತ ಬರೆದಿದೀನಿ."

ಅವಳು ಬೇಳೆಯನ್ನು ಮತ್ತೆ ಮೂಟೆಗೆ ಸುರಿದಳು. ಅಕ್ಕ ಅನ್ನಲಿಲ್ಲ.

ಬಲಗಾಲಿಗೂ ಕಾಲುಚೀಲ ಹಾಕಿ ನಾನು ಎದ್ದಾಗ ಯಜಮಾನರು ಗೋಡೆ ನೋಡಿಕೊಂಡೇ ಅಂದರು:

"ಕಳಿಸಬೇಡ ಕಣೆ. ಆ ಹುಡುಗೀನ ಬೀದಿಗೆ ತಂದು ನಾನು ಎಲ್ಲಿಗೆ ನಡೆದು ಹೋಗಲಿ?"

ಬರೆದಿಟ್ಟ ಕಾಗದ ಕೈಗೆತ್ತಿಕೊಂಡೆ. ಕೋಟು ಹಾಕಿಕೊಂಡು, ಮೆಟ್ಟಿಲ ಕಂಬಿ ಹಿಡಿದು ಇಳಿದು, ಮೂಲೆಯ ಅಂಚೆಪೆಟ್ಟಿಗೆಯ ಹತ್ತಿರ ಹೋದೆ. ಮುಚ್ಚಳ ಚಳಿಗೆ ಕಚ್ಚಿಕೊಂಡಿತ್ತು. ಎರಡೂ ಕೈಯಿಂದ ಎಳೆದು ತೆಗೆದು, ಕಾಗದ ಒಳಗೆ ಬಿಟ್ಟೆ.