ದೇವರಿಗೆ ಬಿಟ್ಟ ಹೋರಿ

ಔರಾದದ ದನದ ದವಾಖಾನೆಯ ಡಾಕ್ಟರ ಕುತುಬೋದ್ದೀನ ಸಂತಪುರಕ್ಕೆ ಬಂದಾಗ ಶಿವರಾಜಪ್ಪ ಪಾಟೀಲನ ಅಂಗಳದಲ್ಲಿ ಎರಡು ಎಳೆ ಹೋರಿ ಕಟ್ಟಿದ್ದವು. ಒಂದರ ಎದೆ ಅಗಲ, ಕಾಲು ಗಟ್ಟಿ. ಇನ್ನೊಂದರ ಬೆನ್ನು ಕುಸಿದಿತ್ತು.

"ದೊಡ್ಡದರ ಬೀಜ ಒಡೀರಿ. ಈ ಸಲ ನೇಗಲಿಗೆ ಹೂಡಬೇಕು," ಎಂದ ಶಿವರಾಜಪ್ಪ.

"ಸಣ್ಣದು?"

"ಅದು ದುಡ್ಯಾಕ ಬರಂಗಿಲ್ಲ. ದೇವರಿಗೆ ಬಿಡ್ತೇವಿ."

ಊರಿನ ಆಕಳುಗಳು ಗಬ್ಬಾಗುವುದು ದೇವರಿಗೆ ಬಿಟ್ಟ ಹೋರಿಯಿಂದಲೇ. ಕುತುಬೋದ್ದೀನ ಈ ಸೀಮೆಗೆ ನೌಕರಿಗೆ ಬಂದ ಹತ್ತು ವರ್ಷದಿಂದ ನೋಡುತ್ತಿದ್ದ: ಚಲೋದರ ಬೀಜ ಒಡೆಯುತ್ತಾರೆ, ಕೆಟ್ಟದ್ದನ್ನು ದೇವರಿಗೆ ಕೊಡುತ್ತಾರೆ. ಕರುಗಳು ವರ್ಷ ವರ್ಷ ಗಿಡ್ಡಾಗುತ್ತಿದ್ದವು. ಬೀದರಿನಿಂದ ತಂದ ಉರ್ದು ಪುಸ್ತಕದಲ್ಲಿ ಇದಕ್ಕೆ ಕಾರಣವಿತ್ತು. ಯಾವ ಜೀವಿಯ ಸಂತಾನ ಬೆಳೆಯುತ್ತದೋ ಅದರ ಗುಣವೇ ಉಳಿಯುತ್ತದೆ. ಇಲ್ಲ, ಬದುಕಿನಲ್ಲಿ ಗಳಿಸಿದ ಕಸುವೇ ಮಕ್ಕಳಿಗೆ ಇಳಿಯುತ್ತದೆ ಅನ್ನುವ ಪಂಡಿತರೂ ಇದ್ದರು. ಹಳೆಯ ಜಗಳ. ರಶ್ಯಾದಲ್ಲಿ ಈಗ ಅದಕ್ಕಾಗಿ ಪಂಡಿತರ ನೌಕರಿಗಳೇ ಹೋಗುತ್ತಿವೆ ಎಂದು ಪತ್ರಿಕೆಯಲ್ಲಿ ಬಂದಿತ್ತು.

"ಪಾಟೀಲ್ರ, ಉಲ್ಟಾ ಮಾಡ್ರಿ. ದೊಡ್ಡದನ್ನ ದೇವರಿಗೆ ಬಿಡ್ರಿ. ಮುಂದಿನ ಕರ ಚಲೋ ಬೀಳ್ತಾವ."

"ಎಲ್ಲಾ ಮೇವಿನ ಮ್ಯಾಲ ಅದರಿ ಸಾಬ್ರ. ಆಕಳಿಗೆ ಹತ್ತಿಕಾಳು ತಿನಿಸಿ ಗಟ್ಟಿ ಮಾಡಿದ್ರ ಕರಾನೂ ಗಟ್ಟೀನೇ ಹುಟ್ತದ."

"ನಿಮ್ಮ ಮನ್ಯಾಗ ಅಜ್ಜ ಮುತ್ತ್ಯಾನ ಕಾಲದಿಂದ ಕಿವಿ ಚುಚ್ಚಸ್ತೀರಿ. ಒಂದು ಕೂಸರೆ ತೂತುಗಿವಿ ತೊಗೊಂಡು ಹುಟ್ಟೇದೇನ್ರಿ?"

ಬಾಗಿಲಲ್ಲಿದ್ದ ಶಿವರಾಜಪ್ಪನ ಹೆಂಡತಿ ಕಸ್ತೂರಿಬಾಯಿ ಕಿಸಕ್ಕನೆ ನಕ್ಕಳು. "ಹಂಗ ಹುಟ್ಟಿದ್ರ ಕಿವಿ ಚುಚ್ಚೋ ಪತ್ತಾರ ಉಪಾಸ ಸಾಯ್ತಿದ್ದ! ಸಾಬ್ರು ಅನ್ನೋದು ಖರೆ ಅದರಿ."

"ನೀ ಒಳಗ ನಡಿ."

ಕುತುಬೋದ್ದೀನ ಇನ್ನೊಂದು ದಾರಿ ಹುಡುಕಿದ. "ಹಂಗಾದ್ರ ಸಣ್ಣದರದ್ದೂ ಒಡೀತೇನ್ರಿ. ಆಮ್ಯಾಲ ದೇವರಿಗೆ ಬಿಡ್ರಿ."

ಶಿವರಾಜಪ್ಪನ ಮಾತಿನಿಂದ 'ರಿ' ಉದುರಿತು.

"ದೇವರ ಹೋರಿಗೆ ಚಿಮಟಾ ಹಚ್ಚತೀ? ಪೊಲೀಸ್ ಆಕ್ಷನ್ ಆಗಿ ನಿಮ್ಮ ನವಾಬರ ರಾಜ್ಯ ಹೋಗಿ ಇನ್ನಾ ವರ್ಷ ತುಂಬಿಲ್ಲ, ಸಾಬ. ತಹಸೀಲಿಗೆ ಒಂದು ಅರ್ಜಿ ಹೋದ್ರ ಏನಾಗ್ತದ, ಗೊತ್ತದ ಇಲ್ಲೋ?"

ಗೊತ್ತಿತ್ತು. ದವಾಖಾನೆಯ ಹಳೆಯ ಐವರು ಮುಸಲ್ಮಾನರಲ್ಲಿ ನೌಕರಿ ಉಳಿದದ್ದು ಅವನೊಬ್ಬನದೇ. ತೂತುಗಿವಿಯ ಮಾತು ಕೇಳಿ ಕಸ್ತೂರಿಬಾಯಿಯಂತೆ ನಗುವವರು ತಹಸೀಲಿನಲ್ಲಿ ಯಾರೂ ಇರಲಿಲ್ಲ.

ಆಳುಗಳು ದೊಡ್ಡ ಹೋರಿಯನ್ನು ಕೆಡವಿ ಕಾಲು ಕಟ್ಟಿದರು. ಕುತುಬೋದ್ದೀನ ಚಿಮಟಾದಲ್ಲಿ ಬೀಜದ ನರ ಹಿಡಿದು ಅದುಮಿದ. ಹೋರಿ ಒದರಿತು. ಇನ್ನೊಂದು ಬದಿಗೂ ಅದುಮಿದ.

"ಭೇಷ್ ಆತ್ರಿ ಸಾಬ್ರ. ಚಹಾ ಕುಡದು ಹೋಗ್ರಿ."

"ಬ್ಯಾಡ್ರಿ. ಮುಂದಿನ ಊರಾಗ ಬೀಜ ಒಡಿಯೋವು ಇನ್ನಾ ನಾಕು ಹೋರಿ ಅವ," ಎಂದು ಕುತುಬೋದ್ದೀನ ಸೈಕಲ್ ತಿರುಗಿಸಿದ. "ಎಲ್ಲಾ ಚಲೋವೇ."