ಹಳಿ ಬಿಟ್ಟು ಏಳದ ಟೈಲರಮ್ಮ

ಗ್ಯಾಸ್ ಕಟ್ಟರ್ ಹಿಡಿದು ಬಂದವರನ್ನು ಟೈಲರಮ್ಮ ಮೊದಲು ಕಳ್ಳರೆಂದೇ ತಿಳಿದಳು. ಹಾಡಹಗಲೇ ಕ್ರೇನ್ ಲಾರಿ ಸಮೇತ, ತಲೆಗೆ ಹಳದಿ ಟೋಪಿ ಹಾಕಿಕೊಂಡು ಯಾವ ಕಳ್ಳ ಬರುತ್ತಾನೆ ಹೇಳಿ? ಅದೆಲ್ಲ ಅವಳಿಗೆ ಹೊಳೆಯಲೇ ಇಲ್ಲ. ಮಷೀನಿನಲ್ಲಿ ಸಿಕ್ಕಿಸಿದ್ದ ಶಾಲೆ ಯೂನಿಫಾರ್ಮಿನ ತೋಳನ್ನು ಹಾಗೇ ಬಿಟ್ಟು, ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಓಡಿದಳು. ಓಡಿದಳು ಅನ್ನುವುದು ಮರ್ಯಾದೆಗೆ ಹೇಳುವ ಮಾತು. ಅವಳ ಮಂಡಿಗೆ ಓಟ ಮರೆತುಹೋಗಿತ್ತು. ಹೋದವಳೇ ಹಳಿಯ ಮೇಲೆ ಕೂತುಬಿಟ್ಟಳು.

ಆ ಹಳಿಯ ಮೇಲೆ ರೈಲು ಓಡಿ ವರ್ಷಗಳೇ ಆಗಿದ್ದವು. ಎರಡು ಡಬ್ಬಿಯ ಚಿಕ್ಕ ರೈಲು. ದೊಡ್ಡ ಲೈನಿನಿಂದ ಕವಲೊಡೆದು, ಈ ಊರಿನ ಮೇಲೆ ಹಾದು, ಸೇತುವೆ ದಾಟಿ ಕೊನೆಯ ಊರಿಗೆ ಹೋಗುತ್ತಿತ್ತು. ಆ ಕೊನೆಯ ಊರಿಗೇ ಟೈಲರಮ್ಮ ಇದ್ದೊಬ್ಬ ಮಗಳನ್ನು ಕೊಟ್ಟಿದ್ದಳು. ಕೊಡುವಾಗ ಹುಡುಗನನ್ನು ಎಷ್ಟು ನೋಡಿದಳೋ ರೈಲನ್ನೂ ಅಷ್ಟೇ ನೋಡಿದ್ದಳು, ಯಾಕೆಂದರೆ ಬಸ್ಸು ಅವಳಿಗೆ ಆಗದು. ಎರಡು ತಿರುವು ದಾಟುವುದರೊಳಗೆ ಕರುಳು ಬಾಯಿಗೆ ಬರುತ್ತಿತ್ತು. ಗುಡ್ಡದ ರಸ್ತೆಯಲ್ಲಂತೂ ಇಳಿಸಿ ಮಲಗಿಸಬೇಕು. ರೈಲಾದರೆ ಕಿಟಕಿ ಪಕ್ಕ ಕೂತು ಗುಂಡಿ ಹೊಲಿಯುತ್ತಾ ಮಧ್ಯಾಹ್ನದ ಊಟಕ್ಕೆ ಮಗಳ ಮನೆ ಸೇರುತ್ತಿದ್ದಳು. ರೈಲು ನಿಂತ ಮೇಲೆ ಮಗಳ ಮನೆಯೂ ನಿಂತುಹೋಯಿತು. ಉಳಿದದ್ದು ಫೋನು ಮಾತ್ರ.

ಆಗ ಧೈರ್ಯ ಹೇಳಿದವರು ಬೀಗರು, ಅಂದರೆ ಮಗಳ ಮಾವ. ಸ್ಟೇಷನ್ ಮಾಸ್ಟರಾಗಿ ರಿಟೈರಾದವರು, ಬಾಯಲ್ಲೇ ಹಸಿರು ಬಾವುಟ ಬೀಸುವ ಮನುಷ್ಯ. ಲೈನು ಮುಚ್ಚಿಲ್ಲ, ಸುಮ್ಮನೆ ನಿಲ್ಲಿಸಿದ್ದಾರೆ, ಗಿಡಗಂಟಿ ಬೆಳೆಯಲು ಬಿಟ್ಟರೆ ಮಾತ್ರ ಮುಚ್ಚಿದ ಹಾಗೆ ಎಂದರು. ಲೈನು ಉಳಿಸುವ ಸಮಿತಿ ಕಟ್ಟಿ ತಾವೇ ಅಧ್ಯಕ್ಷರಾದರು. ಆ ಕಡೆಯದನ್ನು ಅವರು ನೋಡಿಕೊಳ್ಳುವುದು, ಈ ಊರಿನಿಂದ ಸೇತುವೆಯವರೆಗೆ ಬೀಗಿತ್ತಿ ನೋಡಿಕೊಳ್ಳುವುದು ಎಂದು ಮಾತಾಯಿತು.

ಅಂದಿನಿಂದ ರಜೆ ಬಂತೆಂದರೆ ಟೈಲರಮ್ಮ ಕುಡುಗೋಲು ಹಿಡಿದು ಲೈನಿಗೆ ಇಳಿಯುತ್ತಿದ್ದಳು. ಜಲ್ಲಿಯ ಸಂದಿಯ ಹುಲ್ಲು ಕಿತ್ತಳು, ಮುಳ್ಳುಪೊದೆ ಕಡಿದಳು, ಪಕ್ಕದ ಚರಂಡಿ ಬಿಡಿಸಿದಳು. ಸೇತುವೆಯ ಕಂಬಿಗಳನ್ನು ಮಷೀನ್ ಎಣ್ಣೆಯಲ್ಲಿ ಬಟ್ಟೆಚೂರು ಅದ್ದಿ ಒರೆಸಿದಳು. ಸಂಜೆ ಗಾಡಿ ಎಷ್ಟು ಹೊತ್ತಿಗೆ ಟೈಲರಮ್ಮ ಎಂದು ಊರಿನವರು ಕಿಚಾಯಿಸಿದರೆ, ನಿನಗೆ ಟಿಕೆಟ್ ಇಲ್ಲ ಹೋಗೋ ಎನ್ನುತ್ತಿದ್ದಳು. ಬೀಗರು ಆಗಾಗ ಬೈಕಿನಲ್ಲಿ ಬಂದು ಬೆನ್ನು ತಟ್ಟುವ ಮಾತಾಡಿ, ಮೇಲಿನವರಿಗೆ ತೋರಿಸಬೇಕೆಂದು ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಇವತ್ತು ಎಲ್ಲಿಯವರೆಗೆ ಬಂದೆ ಎಂದು ಮಗಳಿಗೆ ಫೋನಿನಲ್ಲಿ ಹೇಳುವಾಗ ಟೈಲರಮ್ಮನಿಗೆ ಸೊಂಟದ ನೋವೇ ಮರೆಯುತ್ತಿತ್ತು. ಮಗಳು ಹೂಂ, ಹೂಂ ಎಂದು ಕೇಳಿಸಿಕೊಳ್ಳುತ್ತಿದ್ದಳು.

ಈಗ ಆ ಕೆಲಸದವರ ಮೇಸ್ತ್ರಿ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತ. ಒಳ್ಳೆಯ ಮನುಷ್ಯ, ಗದರಲಿಲ್ಲ. ಹಳಿ ಕಿತ್ತು ನಡೆಯುವ ದಾರಿ ಮಾಡುತ್ತಿದ್ದಾರೆ, ಪೇಟೆಯ ಜನ ಒಳ್ಳೆ ಗಾಳಿಗೆ ಇಲ್ಲಿ ಬಂದು ನಡೆಯುತ್ತಾರಂತೆ, ನಿಮ್ಮ ಸಮಿತಿಯ ಅಧ್ಯಕ್ಷರೇ ಒಪ್ಪಿಗೆ ಕೊಟ್ಟಿದ್ದಾರೆ ಎಂದ. ಟೈಲರಮ್ಮ ನಕ್ಕುಬಿಟ್ಟಳು. ಅಧ್ಯಕ್ಷರು ನಮ್ಮ ಬೀಗರು ಕಣಪ್ಪ, ಯಾರೋ ನಿನ್ನನ್ನು ತಪ್ಪು ಲೈನಿಗೆ ಕಳಿಸಿದ್ದಾರೆ ಎಂದು ಅವನೆದುರೇ ಬೀಗರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಮಗಳಿಗೆ ಮಾಡಿದಳು. ಮಗಳು ಎತ್ತಿ, ಅಲ್ಲೇ ಇರು, ಬರ್ತಿದೀನಿ ಎಂದಷ್ಟೇ ಹೇಳಿ ಇಟ್ಟಳು. ನೋಡಿದೆಯಾ ಎಂಬಂತೆ ಟೈಲರಮ್ಮ ಮೇಸ್ತ್ರಿಯ ಮುಖ ನೋಡಿದಳು. ನನ್ನ ಮಗಳು ಬಂದು ನಿಮ್ಮೆಲ್ಲರ ಚಳಿ ಬಿಡಿಸುತ್ತಾಳೆ ಇರು ಎಂದಳು.

ಬಿಸಿಲೇರಿತು. ಹಳಿ ಕಾಯತೊಡಗಿತು. ಇಷ್ಟು ದಿನ ಕಿಚಾಯಿಸಿದವರೇ ಬಂದು ಸುತ್ತ ನಿಂತರು, ಒಬ್ಬ ಕೊಡೆಯನ್ನೂ ತಂದು ಹಿಡಿದ. ಮೇಸ್ತ್ರಿ ತನ್ನ ನೀರಿನ ಬಾಟಲಿ ಕೊಟ್ಟ. ಮೊದಲು ಬೇಡ ಎಂದಳು, ಆಮೇಲೆ ಇಸಿದುಕೊಂಡು ಕುಡಿದಳು.

ಮಗಳು ಕಾರಿನಲ್ಲಿ ಬಂದಳು, ಜೊತೆಗೆ ಬೀಗರೂ ಇದ್ದರು. ಬೀಗರು ಇಳಿದವರು ಕಾರಿನ ಬಾಗಿಲು ಹಿಡಿದೇ ನಿಂತರು. ಫೋನ್ ಎತ್ತದವರು ಮುಖ ಎಲ್ಲಿ ಎತ್ತಬೇಕು! ಮಗಳು ಮಾತ್ರ ನೇರ ಬಂದಳು.

"ಎದ್ದೇಳಮ್ಮ. ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ನಿಮ್ಮ ಮಾವನ್ನ ಕರೆದು ಇವರಿಗೆ ಹೇಳಿಸು."

ಮಗಳು ಪಕ್ಕದಲ್ಲಿ ಕೂತು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ರೈಲು ಮತ್ತೆ ಬರುವುದಿಲ್ಲವೆಂದು ಮಾವನಿಗೆ ಹೋದ ಮಳೆಗಾಲಕ್ಕೆ ಮೊದಲೇ ತಿಳಿದಿತ್ತು. ದಾರಿ ಮಾಡುವ ಮಾತು ಬಂದಾಗ, ನಮ್ಮೂರಿನ ಹಳೆಯ ಸ್ಟೇಷನ್ ಕಟ್ಟಡವನ್ನು ನಮಗೆ ಹೋಟೆಲಿಗೆ ಬಿಟ್ಟುಕೊಟ್ಟರೆ ಆಗಬಹುದು ಎಂದಿದ್ದರು. ಕೊಟ್ಟಿದ್ದಾರೆ. ಹೋಟೆಲನ್ನು ನಡೆಸುವವಳು ಮಗಳೇ. ಒಲೆ ಬಂದಾಗಿದೆ, ಮೇಜು ಕುರ್ಚಿ ಬಂದಾಗಿದೆ.

ಬೀಗರ ಮೇಲೆ ಟೈಲರಮ್ಮನಿಗೆ ಸಿಟ್ಟು ಬಂತು, ಆದರೆ ತಡೆದುಕೊಳ್ಳುವಂಥ ಸಿಟ್ಟು. ಬೀಗರು ಎಷ್ಟಾದರೂ ಬೀಗರೇ. ಅವಳನ್ನು ಚುಚ್ಚಿದ್ದು ಆ ಮಳೆಗಾಲದ ಮಾತು. ಮಳೆ ಕಳೆದ ಮೇಲೆ ಹುಲ್ಲು ಸೊಂಟದೆತ್ತರ ನಿಂತಿತ್ತು. ಅದನ್ನು ಬಗ್ಗಿ ಬಗ್ಗಿ ಕೊಯ್ದದ್ದು ಆಗಲೇ, ಮಂಡಿ ಪೂರ್ತಿ ಕೆಟ್ಟದ್ದೂ ಆಗಲೇ.

"ನಿನಗೆ ಯಾವಾಗ ಗೊತ್ತಾಯ್ತು?"

"ಮಾವಂಗೆ ಗೊತ್ತಾದಾಗಲೇ."

"ಸೇತುವೆ ತನಕ ಬಂದೆ ಕಣೇ ಅಂತ ನಾನು ಫೋನ್ ಮಾಡಿದಾಗ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ಮಾತು ಹೇಳಬಾರದಿತ್ತಾ?"

ಮಗಳು ಕಾಲಬುಡದ ಜಲ್ಲಿ ಕಲ್ಲುಗಳನ್ನೇ ನೋಡುತ್ತಿದ್ದಳು. "ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ ಅಮ್ಮ. ಲೈನು ಕ್ಲೀನಾಗಿದೆ, ಖರ್ಚು ಕಮ್ಮಿ ಅಂತಲೇ ದಾರಿ ಮಾಡೋರು ಇದನ್ನ ಆರಿಸ್ಕೊಂಡಿದ್ದು. ಕಾಡು ಬೆಳೆದಿದ್ರೆ ಈ ಕಡೆ ತಿರುಗೀನೂ ನೋಡ್ತಿರಲಿಲ್ಲ."

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರು ತಾಯಿಗೆ, ಮೊಸರು ಮಗಳಿಗೆ ಎಂದಿದ್ದರೂ ಟೈಲರಮ್ಮ ಬೇಡ ಎನ್ನುವ ಹೆಂಗಸಲ್ಲ. ಬಾಯಿ ಬಿಟ್ಟು ಕೇಳಿದ್ದರೆ ಹೋಟೆಲಿಗೆಂದೇ ಅಷ್ಟೂ ಹುಲ್ಲು ಕೊಯ್ದುಕೊಡುತ್ತಿದ್ದಳು, ಮೇಲೆ ಮೇಜಿನ ಬಟ್ಟೆಯನ್ನೂ ಹೊಲಿದು ಕೊಡುತ್ತಿದ್ದಳು. ಕೇಳಲಿಲ್ಲ. ಹೂಂ ಹೂಂ ಎನ್ನುತ್ತಾ ಆಸೆಗೆ ನೀರೆರೆದು ದುಡಿಸಿಕೊಂಡರು. ನಿನ್ನನ್ನು ನೋಡುವ ಆಸೆಗೆ ತಾನೇ ನಾನು ಬಗ್ಗಿದ್ದು, ಅದನ್ನೇ ಹಿಡಿದು ಬಗ್ಗಿಸಿದೆಯಲ್ಲೇ ಎಂದುಕೊಂಡಳು. ಊರಿನವರು ಯಾರಾದರೂ ಹೀಗೆ ಮಾಡಿದ್ದರೆ ಜನ್ಮ ಜಾಲಾಡಿಬಿಡುತ್ತಿದ್ದಳು. ಹೆತ್ತ ಮಗಳೇ ನಂಬಿಸಿ ಕತ್ತು ಕೊಯ್ದರೆ ಯಾವ ಬೈಗುಳ ತರುವುದು?

"ದಾರಿ ಆದ್ಮೇಲೆ ನೀನೂ ನಿಧಾನಕ್ಕೆ ನಡ್ಕೊಂಡು ಬರಬಹುದು" ಎಂದಳು ಮಗಳು.

ಟೈಲರಮ್ಮ ಮೇಸ್ತ್ರಿಯನ್ನು ಹತ್ತಿರ ಕರೆದು, ಬೆಳಗಿನಿಂದ ನಿನ್ನ ಕೆಲಸ ಕೆಡಿಸಿದೆ, ಇನ್ನು ಕಿತ್ತುಕೊಳ್ಳಿ ಎಂದಳು. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಏಳಲು ಹೋದಳು. ಕೂತೂ ಕೂತೂ ಕಾಲು ಜೋಮು ಹಿಡಿದಿತ್ತು, ಆಗಲಿಲ್ಲ. ಮಗಳು ತಟ್ಟನೆ ಎದ್ದು ಬಗ್ಗಿ ಕೈ ನೀಡಿದಳು.

ಟೈಲರಮ್ಮ ಆ ಕೈಯನ್ನು ದಾಟಿ ಮೇಸ್ತ್ರಿಯ ಕಡೆ ನೋಡಿದಳು.

"ಸ್ವಲ್ಪ ಕೈ ಕೊಡಪ್ಪ" ಎಂದಳು.