ಮಾವನ ಬೈಕಿನ ಮೋಟು ಬೋಲ್ಟು

ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ನಮ್ಮ ಅಳಿಯ ಮಾಡಿದ್ದೂ ಅದೇ. ಮಾವ ಬಿಡಿಭಾಗ ತರಲು ಪಕ್ಕದ ಊರಿಗೆ ಹೋಗಿದ್ದರು. ಗ್ಯಾರೇಜಿನಲ್ಲಿ ಅಂಥ ಕೆಲಸವೇನೂ ಇರಲಿಲ್ಲ. ಸುಮ್ಮನೆ ಕೂತು ಟೀ ಕುಡಿದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಮೂಲೆಯಲ್ಲಿ ನಿಂತಿದ್ದ ಮಾವನ ಹಳೆಯ ಬೈಕು ಅವನ ಕಣ್ಣಿಗೆ ಬಿತ್ತು. ಅದರ ಇಂಜಿನ್ನಿನ ಬಲಬದಿಯ ಮುಚ್ಚಳದಿಂದ ಎಣ್ಣೆ ಜಿನುಗುವುದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಬಂದವರೆಲ್ಲ "ಏನ್ ಮೇಸ್ತ್ರಿ, ಡಾಕ್ಟ್ರ ಮನೇಲೇ ಕೆಮ್ಮಾ?" ಎಂದು ಕೆಣಕುತ್ತಿದ್ದರು. ಮಾವ ನಗುತ್ತಲೂ ಇರಲಿಲ್ಲ, ಅದನ್ನು ಯಾರಿಗೂ ಮುಟ್ಟಲು ಬಿಡುತ್ತಲೂ ಇರಲಿಲ್ಲ. ಒಂದು ಬೋಲ್ಟು ಸ್ವಲ್ಪ ಬಿಗಿ ಮಾಡಿದರೆ ಮುಗಿಯಿತು, ಮಾವ ಬಂದು ನೋಡಿ ಭೇಷ್ ಅನ್ನಲಿ ಎಂದುಕೊಂಡ ಅಳಿಯ. ಸ್ಪ್ಯಾನರ್ ಹಾಕಿ ಒಂದು ಸುತ್ತೂ ತಿರುಗಿಸಿರಲಿಲ್ಲ, ಟಕ್ ಎಂದಿತು. ಬೋಲ್ಟಿನ ತಲೆ ಅವನ ಕೈಯಲ್ಲಿ, ಉಳಿದದ್ದು ಇಂಜಿನ್ನಿನೊಳಗೆ.

ಬೇರೆ ಗ್ಯಾರೇಜಿನಲ್ಲಾದರೆ ಇದು ದಿನಬೆಳಗಾದರೆ ಆಗುವ ಸಂಗತಿ. ಇಲ್ಲಿ ಹಾಗಲ್ಲ. ಇಂಜಿನ್ನಿನೊಳಗೆ ಬೋಲ್ಟು ಮುರಿದವನು ಮತ್ತೆ ಇಂಜಿನ್ ಮುಟ್ಟುವಂತಿಲ್ಲ ಎಂಬುದು ಮಾವನ ಕಟ್ಟಪ್ಪಣೆ. ಬಾಯಿಮಾತಿಗೆ ಹೇಳಿದ್ದಲ್ಲ, ನಡೆಸಿಯೂ ತೋರಿಸಿದ್ದರು. ಅವರ ಸ್ವಂತ ತಮ್ಮ, ಜೊತೆಗೂಡಿ ಈ ಗ್ಯಾರೇಜು ಕಟ್ಟಿದವನು, ಒಂದು ಬೋಲ್ಟು ಮುರಿದ ತಪ್ಪಿಗೆ ಪಂಕ್ಚರ್ ಹಾಕಲು ಕೂರಬೇಕಾಯಿತು. ಒಂದಷ್ಟು ದಿನ ಕೂತ. ಆಮೇಲೆ ಎದ್ದು ಹೋದವನು ಈ ಕಡೆ ತಲೆಹಾಕಿರಲಿಲ್ಲ. ಒಡಹುಟ್ಟಿದವನಿಗೇ ಈ ಗತಿಯಾದರೆ ಅಳಿಯನ ಪಾಡೇನು? ಅವನು ಮದುವೆಯಾದಾಗಿನಿಂದ ಚೈನು, ಬ್ರೇಕು, ಕೇಬಲ್ಲುಗಳಲ್ಲೇ ಕೈ ಸವೆಸಿದ್ದ. ಸೋಮವಾರದಿಂದ ಇಂಜಿನ್ ಬಿಚ್ಚು ಎಂದು ಮಾವ ಮೊನ್ನೆಯಷ್ಟೇ ಹೇಳಿದ್ದರು.

"ಲೇ, ಸ್ವಲ್ಪ ಬಾರೇ ಇಲ್ಲಿ," ಎಂದು ಹೆಂಡತಿಯನ್ನು ಕರೆದ.

ಬಿಡಿಭಾಗಗಳ ಕೌಂಟರಿನಿಂದ ಎದ್ದು ಬಂದ ಅವಳು ಬೋಲ್ಟಿನ ತಲೆಯನ್ನು ನೋಡಿದಳು, ತೂತನ್ನು ನೋಡಿದಳು. "ಅಪ್ಪ ಬರೋದು ಸಂಜೆ. ತೆಗೆಯೋಕಾಗುತ್ತಾ?"

"ಆಗುತ್ತೆ. ಆದ್ರೆ ನಾನು ಇಂಜಿನ್ ಮುಟ್ಟಲ್ಲ, ಬರೀ ಬೋಲ್ಟ್ ತೆಗೀತೀನಿ."

"ಆಹಾ, ಅಳಿಯ ಅಲ್ಲ, ಮಗಳ ಗಂಡ! ಮೊದ್ಲು ಶುರು ಮಾಡಿ."

ಶುರು ಮಾಡಿದ. ಉಳಿದ ಬೋಲ್ಟುಗಳನ್ನು ಬಿಚ್ಚಿ ಮುಚ್ಚಳ ತೆಗೆದಿಟ್ಟ. ಮುರಿದ ತುಂಡಿಗೆ ಸೀಮೆಎಣ್ಣೆ ಬಿಟ್ಟು ನೆನೆಯಲು ಬಿಟ್ಟ. ಅದರ ನಟ್ಟನಡುವೆ ಪಂಚ್ ಇಟ್ಟು ಬಡಿದು ಸಣ್ಣ ಗುಳಿ ಮಾಡಿದ. ಗುಳಿಯಲ್ಲಿ ಡ್ರಿಲ್ಲಿಟ್ಟು ಉಸಿರು ಬಿಗಿಹಿಡಿದು ಕೊರೆದ; ಕೂದಲೆಳೆಯಷ್ಟು ವಾಲಿದರೂ ಸುತ್ತಲಿನ ಮೆತ್ತನೆಯ ಅಲ್ಯೂಮಿನಿಯಂ ಹಾಳಾಗುತ್ತದೆ. ಕೊರೆದ ಜಾಗಕ್ಕೆ ಉಲ್ಟಾ ಥ್ರೆಡ್ಡಿನ ಮೊಳೆ ಇಳಿಸಿದ. ಅದು ಎಡಕ್ಕೆ ತಿರುಗಿಸಿದಷ್ಟೂ ಕಚ್ಚಿಕೊಳ್ಳುತ್ತದೆ. ಕಿರ್ ಎಂದು ಸದ್ದಾಯಿತು, ಸಡಿಲವಾಯಿತು, ತುಂಡು ಈಚೆಗೆ ಬಂತು.

"ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು ನೋಡೇ!" ಎಂದ ಅಳಿಯ. ಇನ್ನು ಕುಣಿಯುವುದೊಂದು ಬಾಕಿ.

ಹೊಸ ಬೋಲ್ಟು ಹಾಕಿ ನೋಡಿದ. ಎರಡು ಸುತ್ತು ಹೋಗಿ ನಿಂತಿತು. ತೆಗೆದು ಮತ್ತೆ ಹಾಕಿದ, ಮತ್ತೆ ಅಲ್ಲೇ ನಿಂತಿತು. ಟಾರ್ಚು ಬಿಟ್ಟು ನೋಡಿದರೆ ತೂತಿನ ತಳದಲ್ಲಿ ಇನ್ನೂ ಕಬ್ಬಿಣ.

ಅಳಿಯ ಕಕ್ಕಾಬಿಕ್ಕಿಯಾದ. ಮುರಿದದ್ದು ಒಂದೇ ಬೋಲ್ಟು. ಅದರ ತಲೆ ಇಲ್ಲಿದೆ, ಮೈಯೂ ಇಲ್ಲಿದೆ. ಹಾಗಾದರೆ ಒಳಗಿರುವುದು ಯಾವುದು? ಡ್ರಿಲ್ಲಿನ ತುದಿ ಮುರಿದಿರಬೇಕು ಎಂದುಕೊಂಡ, ಡ್ರಿಲ್ಲು ನೆಟ್ಟಗಿತ್ತು. ತುಂಡೇ ಒಳಗೆ ಇನ್ನೊಮ್ಮೆ ಮುರಿದಿರಬೇಕು ಎಂದುಕೊಂಡ. ಆದರೆ ತುಂಡಿನ ಕೆಳತುದಿ ಚಪ್ಪಟೆಯಾಗಿತ್ತು, ಅದರ ಮೇಲೆ ಗರಗಸದ ಗೆರೆಗಳಿದ್ದವು. ತಲೆಗೆ ಜೋಡಿಸಿ ಪಕ್ಕದ ಬೋಲ್ಟಿನ ಜೊತೆ ಇಟ್ಟರೆ ಇದು ಮೋಟು. ಕೊನೆಗೆ ತನಗೇ ತಲೆ ಕೆಟ್ಟಿರಬೇಕು ಎಂದುಕೊಂಡ. ಅಲ್ಲ ಎನ್ನಲು ಅವನಿಗೆ ಯಾವ ಸಾಕ್ಷಿಯೂ ಸಿಗಲಿಲ್ಲ.

"ಕೊಯ್ದು ಹಾಕಿದಾರೆ ರೀ," ಎಂದಳು ಹೆಂಡತಿ. "ಒಳಗೆ ಹಿಂದೆ ಯಾವತ್ತೋ ಒಂದು ಮುರಿದಿದೆ. ತೆಗೆಯೋಕಾಗಿಲ್ಲ. ಮೇಲೆ ಮೋಟು ಬೋಲ್ಟ್ ಕೂರಿಸಿ ಮುಚ್ಚಿದಾರೆ. ಎಣ್ಣೆ ಸೋರದೆ ಇನ್ನೇನಾಗುತ್ತೆ?"

"ಯಾರು?"

ಮಾವನ ಹೊರತು ಈ ಬೈಕನ್ನು ಇನ್ನೊಬ್ಬರು ಬಿಚ್ಚಿದ್ದಿಲ್ಲ. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಆದರೂ ಅವನ ತಲೆಗೆ ಇಳಿಯಲೊಲ್ಲದು. ಬೆರಳಲ್ಲಿ ಸವರಿಯೇ ಬೋಲ್ಟಿನ ಅಳತೆ ಹೇಳುವ ಮನುಷ್ಯ ಹೀಗೆ ಮಾಡುವುದೆಂದರೇನು? ಒಂದು ಕ್ಷಣ ತಾನು ಬದುಕಿಕೊಂಡೆ ಎನಿಸಿತು, ಮರುಕ್ಷಣವೇ ಹಾಗೆನಿಸಿದ್ದಕ್ಕೆ ನಾಚಿಕೆಯಾಯಿತು. ತನ್ನ ತಪ್ಪು ಹೇಳಬೇಕೆಂದರೆ ಮಾವನ ತಪ್ಪನ್ನೂ ಬಿಚ್ಚಿ ತೋರಿಸಬೇಕು. ಹೇಳದಿದ್ದರೆ ತೂತು ತಾನೇ ಹೇಳುತ್ತದೆ. ಉಗುಳುವಂತಿಲ್ಲ, ನುಂಗುವಂತಿಲ್ಲ.

ಅಷ್ಟರಲ್ಲಿ ಮಾವ ಚೀಲ ಹಿಡಿದು ಒಳಗೆ ಬಂದರು. ಬಿಚ್ಚಿಟ್ಟ ಮುಚ್ಚಳ ನೋಡಿ ಅಲ್ಲೇ ನಿಂತರು.

"ಮಾವ, ಬೋಲ್ಟ್ ಮುರಿದುಹೋಯ್ತು. ನಾನೇ ಮುರಿದೆ."

"ತೆಗೆದ್ಯಾ?"

"ತೆಗೆದೆ."

"ಪೂರ್ತಿ?"

ಹೌದೆಂದರೆ ಸುಳ್ಳು, ಇಲ್ಲವೆಂದರೆ ಮಾವನ ಮಾನ. "ನಂದು ಪೂರ್ತಿ ಬಂತು, ಮಾವ," ಎಂದುಬಿಟ್ಟ.

ಮಾವ ಚೀಲ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು. "ಒಳಗಿರೋದು ನಂದು," ಎಂದರು.

ಮಗಳು ಸೊಂಟದ ಮೇಲೆ ಕೈಯಿಟ್ಟಳು. "ಮುರಿದೋರು ಮುಟ್ಟಬಾರದು ಅಂದ್ರೆ ಇನ್ಮೇಲೆ ಈ ಗ್ಯಾರೇಜಲ್ಲಿ ಇಂಜಿನ್ ಮುಟ್ಟೋರೇ ಇಲ್ಲ, ಅಪ್ಪ. ಎಲ್ರೂ ಸೇರಿ ಪಂಕ್ಚರ್ ಹಾಕೋಣ."

"ನಿನ್ನ ಚಿಕ್ಕಪ್ಪ ಹೋಗಿ ತಿಂಗಳೂ ಆಗಿರ್ಲಿಲ್ಲ, ಆಗ ಮುರೀತು," ಎಂದರು ಮಾವ. "ತೆಗೆಯೋಕೆ ಹೋದೆ, ಡ್ರಿಲ್ಲು ಪಕ್ಕಕ್ಕೆ ಜಾರಿತು. ಇಂಥಾದ್ರಲ್ಲಿ ಅವನ ಕೈ ನನಗಿಂತ ಚೆನ್ನಾಗಿತ್ತು. ಕರೆದಿದ್ರೆ ಬಂದು ತೆಗೀತಿದ್ದ. ಯಾವ ಮುಖ ಇಟ್ಕೊಂಡು ಕರೀಲಿ? ಅದಕ್ಕೇ ಮುಚ್ಚಿಟ್ಟೆ."

ಮಾವ ಎದ್ದು ಡ್ರಿಲ್ಲನ್ನು ಅಳಿಯನ ಕೈಗಿಟ್ಟರು. "ಸೋಮವಾರ ಯಾಕೆ? ಈಗ್ಲೇ ತೆಗಿ."

ಇಷ್ಟು ವರ್ಷ ಬಾಯಿಬಿಟ್ಟುಕೊಂಡು ಕಾದದ್ದು ಈ ಮಾತಿಗೇ. ಅಳಿಯ ಬಗ್ಗಿ ಟಾರ್ಚು ಬಿಟ್ಟ. ಒಳಗಿನ ತುಂಡಿನ ಅಂಚಿನಲ್ಲಿ ಮಾವನ ಡ್ರಿಲ್ಲು ಮಾಡಿದ್ದ ಓರೆ ಗುಳಿ ಕಾಣಿಸಿತು. ಅಲ್ಲೇ ಕೊರೆದರೆ ಇಂಜಿನ್ ಹೋಯಿತು. ಬೇರೆ ಕಡೆ ಕೊರೆಯಲು ಜಾಗವಿದೆಯೇ? ಇದೆ ಎಂದೂ ಕಂಡಿತು, ಇಲ್ಲ ಎಂದೂ ಕಂಡಿತು.

"ಇದು ನನ್ನ ಕೈಲಾಗಲ್ಲ, ಮಾವ," ಎಂದ. "ಚಿಕ್ಕಮಾವನ್ನೇ ಕರೀಬೇಕು."

ಆ ಮಾತು ನಿಜವೋ, ತಾನು ಹುಡುಕಿದ ನೆಪವೋ ಅವನಿಗೇ ಗೊತ್ತಾಗಲಿಲ್ಲ.

"ನಂಬರು ನನ್ನ ಹತ್ರ ಇದೆ," ಎಂದಳು ಮಗಳು, ಅಪ್ಪನ ಮುಖ ನೋಡದೆ.

"ನೀನೇ ಫೋನ್ ಮಾಡು," ಎಂದು ಮಾವ ಅಳಿಯನಿಗೆ ಹೇಳಿದರು. "ಬೋಲ್ಟ್ ಮುರಿದಿದೆ, ಬಾ ಅಂತ ಹೇಳು."

"ಯಾರು ಮುರಿದ್ರು ಅಂತ ಕೇಳಿದ್ರೆ?"

ಹೆಂಡತಿ ನಂಬರು ಒತ್ತಿಕೊಟ್ಟ ಫೋನು ಆಗಲೇ ಅಳಿಯನ ಕಿವಿಯಲ್ಲಿ ರಿಂಗಾಗುತ್ತಿತ್ತು. ಮಾವ ಡ್ರಿಲ್ಲಿನ ಎಣ್ಣೆ ಮೆತ್ತಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದರು.

"ಇಲ್ಲಿ ಕೊಡು," ಎಂದರು.